ಹಗ್ಗದ ಮೇಲೆ ಹದಿಮೂರು ಜೊತೆ ಪಟ್ಟಿ

ಅವರ ಎಡಗಾಲು ಮಂಡಿಯಲ್ಲಿ ಮಡಚುತ್ತಿರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತರೆ ಆ ಕಾಲು ಒನಕೆ ಇಟ್ಟ ಹಾಗೆ ನೆಟ್ಟಗೆ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಕೋಳಿಗಳು ಅದನ್ನು ಸುತ್ತುಹಾಕಿ ಹೋಗುತ್ತಿದ್ದವು. ಏಳುವಾಗ ಎರಡು ಕೈಯನ್ನೂ ಬಲತೊಡೆಯ ಮೇಲೆ ಊರಿ, ಬಾವಿಯಿಂದ ಬಿಂದಿಗೆ ಎಳೆದ ಹಾಗೆ ತಮ್ಮನ್ನು ತಾವೇ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಇಂಥ ಕಾಲಿನವರು ಬೇರೆಯವರಿಗೆ ಫುಟ್‌ಬಾಲು ಕಲಿಸಲು ಬಂದಿದ್ದಾರೆ ಎಂದು ಕೇಳಿದ ದಿನ ನಮ್ಮ ಸಾಲುಮನೆಯ ಹೆಂಗಸರೆಲ್ಲ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಿದ್ದೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ.

ಯಶವಂತಪುರದ ರೈಲುಹಳಿಯ ಆಚೆಗೆ ಆಗ ಒಂದು ಹೆಂಚಿನ ಕಾರ್ಖಾನೆ ಇತ್ತು. ಈಗ ಅಲ್ಲಿ ಏನೇನೋ ಕಟ್ಟಿದ್ದಾರೆ. ಕಾರ್ಖಾನೆಗೆ ಒಂದು ಫುಟ್‌ಬಾಲ್ ತಂಡವಿತ್ತು. ನಮ್ಮವರು ಆ ತಂಡದಲ್ಲಿ ಆಡುತ್ತಿದ್ದರು. ಆಡುತ್ತಾರೆ ಎಂದೇ ಅವರನ್ನು ಕೆಲಸಕ್ಕೆ ಇಟ್ಟುಕೊಂಡದ್ದು, ಅದೂ ಹಂಗಾಮಿ. ನಾನು ತಂಡದ ಬಟ್ಟೆ ಒಗೆಯುತ್ತಿದ್ದೆ. ಚಿಕ್ಕಜಾಲದಲ್ಲಿ ನನ್ನ ಅಪ್ಪನದೂ ಅದೇ ಕಸುಬು, ಹಾಗಾಗಿ ನನಗೆ ಅದರಲ್ಲಿ ನಾಚಿಕೆ ಏನೂ ಇರಲಿಲ್ಲ.

ಕೋಚು ಗೋವೆಯವರು. ಆಗ ಗೋವೆ ನಮ್ಮದಲ್ಲ, ಪೋರ್ಚುಗೀಸರದು. ಅವರ ಕಾಗದಪತ್ರವೆಲ್ಲ ಆ ದೇಶದ್ದೇ. ತಿಂಗಳಿಗೊಮ್ಮೆ ಊರೊಳಗಿನ ಕಚೇರಿಗೆ ಹೋಗಿ, ಇಲ್ಲೇ ಇದ್ದೇನೆ, ಓಡಿಹೋಗಿಲ್ಲ ಎಂದು ರುಜು ಹಾಕಿ ಬರುತ್ತಿದ್ದರು. ತಾಯಿ ಕಾರವಾರದ ಕಡೆಯವರಂತೆ, ಅದಕ್ಕೇ ಕನ್ನಡ ಬರುತ್ತಿತ್ತು. ಅದೂ ಎಂಥ ಕನ್ನಡ! ಹೆಂಚು ಸುಡುವ ಗೂಡಿಗೆ ಸೌದೆ ಹೊರುವ ಆಳಿಗೂ "ನೀವು ಸ್ವಲ್ಪ ಬರುವಿರಾ" ಎನ್ನುತ್ತಿದ್ದರು. ನನಗೆ ಅದುವರೆಗೆ ಯಾರೂ ನೀವು ಎಂದಿರಲಿಲ್ಲ. ಮೊದಲ ಸಲ ಕೇಳಿದಾಗ ಹಿಂದೆ ಯಾರಾದರೂ ನಿಂತಿದ್ದಾರಾ ಎಂದು ತಿರುಗಿ ನೋಡಿದೆ.

ನಮ್ಮ ಹುಡುಗರು ಬರಿಗಾಲಲ್ಲಿ ಆಡುತ್ತಿದ್ದರು. ಪಾದದ ನಡುವಿನಿಂದ ಕಣಕಾಲಿನವರೆಗೆ ಉದ್ದನೆಯ ಬಟ್ಟೆ ಪಟ್ಟಿ ಸುತ್ತಿಕೊಳ್ಳುವುದು, ಅಷ್ಟೇ. ಬೂಟು ಹಾಕಿಸಲು ಕೋಚು ಬಹಳ ಹೆಣಗಿದರು. ನಮ್ಮವರು ಒಂದು ದಿನ ಹಾಕಿಕೊಂಡು ಆಡಿ, ಬಿಚ್ಚಿ ಬಿಸಾಕಿ, "ಇದಾಕ್ಕೊಂಡ್ರೆ ಚೆಂಡೆಲ್ಲೈತೆ ಅಂತ ಕಾಲ್ಗೇ ಗೊತ್ತಾಗಕಿಲ್ಲ ಸಾಮಿ" ಎಂದರು. ಕೋಚು ಆಮೇಲೆ ಬೂಟಿನ ಮಾತು ಎತ್ತಲಿಲ್ಲ. ಬದಲಿಗೆ ಆಟದ ಬಯಲಿನಲ್ಲಿ ದಿನಾ ಬೆಳಗ್ಗೆ ಮೊದಲ ಅರ್ಧ ಗಂಟೆ ಹದಿಮೂರು ಜನರನ್ನೂ ಸಾಲಾಗಿ ನಿಲ್ಲಿಸಿ, ಬಗ್ಗಿಸಿ, ಹೆಂಚಿನ ಚೂರು ಆಯಿಸುತ್ತಿದ್ದರು. ಕಾರ್ಖಾನೆಯ ಒಡಕು ಹೆಂಚೆಲ್ಲ ಆ ಬಯಲಿಗೇ ಸುರಿಯುತ್ತಿದ್ದದ್ದು. ನಾಟಿ ಹಾಕುವ ಹೆಂಗಸರ ಹಾಗೆ ಗಂಡಸರು ಬಗ್ಗಿ ಬಗ್ಗಿ ಹೋಗುವುದನ್ನು ನೋಡಿ ರೈಲಿನ ಜನ ಕಿಟಕಿಯಿಂದ ಕೂಗಿ ಹಾಸ್ಯ ಮಾಡುತ್ತಿದ್ದರು. "ಇದೂ ಆಟವೇ," ಎನ್ನುತ್ತಿದ್ದರು ಕೋಚು. "ಗಾಯವಾಗದವನು ಅರ್ಧ ಗೆದ್ದ."

ಬಯಲಿನ ಕೆಲಸ ಮುಗಿದ ಮೇಲೆ ಅವರು ನನ್ನ ಹಗ್ಗದ ಹತ್ತಿರ ಬರುತ್ತಿದ್ದರು. ಹಿಂದಿನ ದಿನದ ಪಟ್ಟಿಗಳನ್ನು ನಾನು ಕೋಳಿ ಕೂಗುವ ಹೊತ್ತಿಗೆ ಎದ್ದು ಒಗೆದು ಹರವಿರುತ್ತಿದ್ದೆ. ಹದಿಮೂರು ಜೊತೆ, ಯಾವಾಗಲೂ ಅದೇ ಸಾಲಿನಲ್ಲಿ, ಗೋಲು ಕಾಯುವವನದು ಮೊದಲು. ಕೋಚು ಕೈ ಹಿಂದಕ್ಕೆ ಕಟ್ಟಿಕೊಂಡು, ಆ ಕಾಲು ಎಳೆಯುತ್ತಾ, ಒಂದೊಂದನ್ನೇ ನೋಡುತ್ತಾ ಹೋಗುತ್ತಿದ್ದರು. ಮೊದಮೊದಲು ನಾನು ಒಗೆದದ್ದರಲ್ಲಿ ತಪ್ಪು ಹುಡುಕುತ್ತಿದ್ದಾರೆ ಎಂದುಕೊಂಡು ಒಂದು ದಿನ ಕೇಳಿಯೇಬಿಟ್ಟೆ.

"ಏನ್ ಸಾಮಿ, ಕೊಳೆ ಓಗಿಲ್ವಾ?"

"ಹೋಗಿದೆ ಅಮ್ಮಾ. ಕೊಳೆ ಹೋದ ಮೇಲೆ ಏನು ಉಳಿದಿದೆ ಅಂತ ನೋಡ್ತಿದ್ದೇನೆ."

ಆಮೇಲೆ ತೋರಿಸಿಕೊಟ್ಟರು. ಈ ಪಟ್ಟಿ ಒಂದೇ ಕಡೆ ಜಗ್ಗಿದೆ, ಅಂದರೆ ಇವನು ಪಾದದ ಹೊರಗಡೆ ಭಾರ ಹಾಕುತ್ತಿದ್ದಾನೆ, ಹಿಮ್ಮಡಿ ನೋಯುತ್ತಿದೆ. ಇಲ್ಲಿ ರಕ್ತದ ಕಲೆ ಚುಕ್ಕಿಯಷ್ಟು, ಉಗುರು ಕಿತ್ತಿದೆ, ಪರವಾಗಿಲ್ಲ. ಇಲ್ಲಿ ಎರಡು ಗಂಟಿನ ಸುಕ್ಕು ಜಾಸ್ತಿ, ಕಣಕಾಲು ಉಳುಕಿದೆ, ಹೇಳದೆ ಮುಚ್ಚಿಟ್ಟಿದ್ದಾನೆ. "ಬಾಯಿ ಸುಳ್ಳು ಹೇಳ್ತದೆ. ಕೋಚಿನ ಎದುರು ಎಲ್ಲರ ಕಾಲೂ ಚೆನ್ನಾಗಿಯೇ ಇರ್ತದೆ. ಪಟ್ಟಿಗೆ ಸುಳ್ಳು ಬರೋದಿಲ್ಲ," ಎಂದರು. ನನಗೆ ಆಗ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ಎರಡು ತಿಂಗಳಿಗೆ ಹದಿಮೂರು ಜನರ ಕಾಲನ್ನು ನಾನೂ ಓದುತ್ತಿದ್ದೆ. ಅವರು ಬರುವ ಮೊದಲೇ, "ಎಡಗಡೆ ಆಡ್ತಾನಲ್ಲ ಕುಳ್ಳ, ಅವನಿಗಿವತ್ತು ರಜ ಕೊಡಿ" ಎಂದುಬಿಡುತ್ತಿದ್ದೆ. ಅವರು ಹೋಗಿ ಆ ಪಟ್ಟಿ ನೋಡಿ, ತಲೆ ಆಡಿಸಿ, ರಜ ಕೊಡುತ್ತಿದ್ದರು.

ಪಟ್ಟಿ ನೋಡಿ ಆದ ಮೇಲೆ ಕಲ್ಲಿನ ಮೇಲೆ ಕೂತು ಒಂದು ಲೋಟ ಕಾಫಿ ಕುಡಿಯುತ್ತಿದ್ದರು. ಆಗ ಅವರ ಕಸುಬಿನ ಕಥೆ ಬರುತ್ತಿತ್ತು. ಹೆಂಚಿನ ಕಾರ್ಖಾನೆ ಅವರಿಗೆ ಆರನೆಯ ತಂಡ. ಮೊದಲನೆಯದು ಪೋರ್ಚುಗಲ್ಲಿನಲ್ಲಿ, ಮೀನು ಹಿಡಿಯುವವರ ಊರಿನದು. ಅಲ್ಲಿ ಸೋತದ್ದಕ್ಕೆ ತೆಗೆದರು. ಎರಡನೆಯದು ಬಾಟಲಿಗೆ ಬಿರಡೆ ಮಾಡುವ ಕಾರ್ಖಾನೆಯ ತಂಡ. ಅಲ್ಲಿ ಗೆದ್ದದ್ದಕ್ಕೆ ತೆಗೆದರು, ಯಾಕೆಂದರೆ ಗೆದ್ದ ತಂಡದಲ್ಲಿ ಸಾಹುಕಾರನ ಅಳಿಯ ಇರಲಿಲ್ಲ. ಮೂರನೆಯ ಊರಿನಲ್ಲಿ ಸೋಲಲೂ ಇಲ್ಲ, ಗೆಲ್ಲಲೂ ಇಲ್ಲ, ಎಲ್ಲ ಆಟವೂ ಸಮಸಮ. ನೋಡಲು ಬೇಜಾರು ಎಂದು ತೆಗೆದರು. ನಾಲ್ಕನೆಯದು ಹಡಗು ಹತ್ತಿ ಹೋಗುವ ಆಫ್ರಿಕಾದ ಒಂದು ಬಂದರು. ಐದನೆಯದು ಅವರದೇ ಊರು ಗೋವೆ. ಅಲ್ಲಿ ಹನ್ನೊಂದು ವಾರ.

"ಸ್ವಂತೂರಲ್ಲಿ ಅನ್ನೊಂದೇ ವಾರವಾ?" ಎಂದು ನಾನು ಕೇಳಿದೆ.

"ಸ್ವಂತ ಊರಲ್ಲವೇ, ಬೇಗ ಗುರುತು ಹಿಡಿದರು."

ಅವರ ಜೊತೆ ಕಲಿತ ಕೋಚುಗಳು ಪೋರ್ಚುಗಲ್ಲಿನಿಂದ ಕಾಗದ ಬರೆಯುತ್ತಿದ್ದರು. ಒಂದು ಕಾಗದ ಬಂದ ವಿಳಾಸದಿಂದ ಎರಡನೆಯದು ಬರುತ್ತಿರಲಿಲ್ಲ. ಕಾಗದ ಒಡೆದು, ಓದಿ, ಮಡಚಿ ಜೇಬಿಗೆ ಹಾಕಿ, "ಇವನನ್ನೂ ಕಳಿಸಿದರು" ಎನ್ನುತ್ತಿದ್ದರು. ದುಃಖವಿಲ್ಲ, ಬಸ್ಸು ಹೊರಟಿತು ಅಂದ ಹಾಗೆ. "ನಮ್ಮ ಕಸುಬಿನಲ್ಲಿ ಕೆಲಸಕ್ಕೆ ಕರೆಯೋ ಕಾಗದದಲ್ಲೇ ಕೆಲಸದಿಂದ ತೆಗೆಯೋ ಮಾತೂ ಬರೆದಿರ್ತದೆ ಅಮ್ಮಾ. ತಾರೀಕು ಮಾತ್ರ ಖಾಲಿ."

"ಮತ್ಯಾಕ್ ಮಾಡ್ತೀರ ಈ ದರಿದ್ರದ್ ಕೆಲ್ಸ? ಕಾಫಿ ಅಂಗ್ಡಿ ಇಡಿ," ಎಂದೆ. ಅವರು ಬಹಳ ಹೊತ್ತು ನಕ್ಕರು.

ಕಾಲು ಹೇಗಾಯಿತು ಎಂದು ಕೇಳಿದರೆ ಒಂದೊಂದು ಸಲ ಒಂದೊಂದು. ಒಮ್ಮೆ ಹಡಗಿನ ಏಣಿಯಿಂದ ಬಿದ್ದೆ ಎಂದರು. ಇನ್ನೊಮ್ಮೆ ಗೂಳಿ ಹಾಯಿತು ಎಂದರು. ನಾನು ನಂಬಲಿಲ್ಲ, ಮತ್ತೆ ಕೇಳಲೂ ಇಲ್ಲ.

ಅವರು ಬಂದ ಎರಡನೆಯ ವರ್ಷ ನಮ್ಮ ತಂಡ ಕಾರ್ಖಾನೆಗಳ ಕಪ್ಪಿಗೆ ಆಡುತ್ತಾ ಆಡುತ್ತಾ ಕಡೆಯ ಎರಡು ಆಟದವರೆಗೆ ಬಂತು. ಕಾರ್ಖಾನೆಯ ಮ್ಯಾನೇಜರು ನಮ್ಮವರ ಹೆಗಲ ಮೇಲೆ ಕೈಯಿಟ್ಟು, "ಕಪ್ಪು ತಗೊಂಡ್ ಬಾ, ನಿನ್ನ ಪರ್ಮನೆಂಟ್ ಮಾಡ್ತೀನಿ" ಎಂದಿದ್ದರು. ಆ ಒಂದು ಮಾತಿಗೆ ನಮ್ಮವರು ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ. ಪರ್ಮನೆಂಟ್ ಎಂದರೆ ಕಾರ್ಖಾನೆಯ ಸಾಲುಮನೆಯಲ್ಲಿ ನಮ್ಮ ಹೆಸರಿಗೆ ಒಂದು ಮನೆ. ಅಲ್ಲಿಯವರೆಗೆ ಅವರ ಅಣ್ಣನ ಮನೆಯ ಪಡಸಾಲೆಯಲ್ಲಿ ಗೋಣಿತಾಟು ಕಟ್ಟಿಕೊಂಡು ಮಲಗುತ್ತಿದ್ದೆವು. ಹೊಟ್ಟೆಯಲ್ಲಿ ಮೊದಲ ಮಗು ಆರು ತಿಂಗಳದ್ದು.

ಕಡೆಯದಕ್ಕೆ ಹಿಂದಿನ ಆಟ ಒಂದು ಭಾನುವಾರ ಆಯಿತು. ನಮ್ಮವರದೇ ಗೋಲು, ಗೆದ್ದರು. ಆದರೆ ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಯಾರೋ ಬೂಟಿನವನು ಬಂದು ಬಲಮಂಡಿಗೆ ಒದ್ದ. ಹೆಗಲ ಮೇಲೆ ಕೂರಿಸಿಕೊಂಡು ಮೆರವಣಿಗೆ ಮಾಡಿದ್ದರಿಂದ ಇವರು ಕುಂಟಿದ್ದು ಯಾರಿಗೂ ಕಾಣಲಿಲ್ಲ. ಮನೆಗೆ ಬಂದು ಪಂಚೆ ಎತ್ತಿದರೆ ಮಂಡಿ ಎಳೆ ಹಲಸಿನಕಾಯಿಯಷ್ಟಾಗಿತ್ತು.

"ಯಾರ್ಗೂ ಉಸುರ್ಬೇಡ ಕಣಮ್ಮಿ," ಎಂದರು. "ಒಂದ್ ವಾರ. ಒಂದೇ ವಾರ. ಕಪ್ ಬಂದ್ಮೇಲೆ ಈ ಕಾಲು ಏನಾದ್ರೂ ಆಗ್ಲಿ."

ನಾನು ಅರಿಶಿನ ಸುಣ್ಣ ಕಲಸಿ, ಬಿಸಿ ಮಾಡಿ ಪಟ್ಟು ಹಾಕಿದೆ. ಕಟ್ಟಲು ಅಷ್ಟುದ್ದದ ಬಟ್ಟೆ ಮನೆಯಲ್ಲಿ ಇನ್ನೊಂದಿರಲಿಲ್ಲ. ತಂಡದ ಪಟ್ಟಿಯಲ್ಲೇ ಬಿಗಿದು ಕಟ್ಟಿದೆ. ತಪ್ಪಾದದ್ದು ಅಲ್ಲೇ. ಅರಿಶಿನದ ಕಲೆ ಸೋಪಿಗೆ ಹೋಗುವುದಿಲ್ಲ, ಸೋಪು ತಾಕಿದರೆ ಇನ್ನೂ ಕೆಂಪಾಗುತ್ತದೆ. ಅದನ್ನು ತಿನ್ನುವುದು ಬಿಸಿಲೊಂದೇ. ಎರಡು ದಿನ ಬಿಸಿಲಿಗೆ ಹಾಕಿದರೆ ತಾನಾಗಿ ಹೋಗುತ್ತದೆ. ಆದರೆ ಬಿಸಿಲು ಇದ್ದದ್ದು ಹಗ್ಗದ ಮೇಲೆ. ಹಗ್ಗದ ಹತ್ತಿರ ಕೋಚು ಬರುತ್ತಿದ್ದರು.

ಹುಟ್ಟಿದಾಗಿನಿಂದ ಕಲೆ ತೆಗೆದವಳು ನಾನು. ಆ ಪಟ್ಟಿ ಹಿಡಿದುಕೊಂಡು ಏನು ಮಾಡಬೇಕೆಂದು ತೋಚಲಿಲ್ಲ. ಒಲೆಯ ಹಿಂದೆ ನೆರಳಿನಲ್ಲಿ ಒಣಗಿಸಿದೆ. ಪ್ರತಿ ದಿನ ಹೊಸ ಪಟ್ಟು, ಅದೇ ಪಟ್ಟಿ, ಕೆಂಪು ಮೇಲೆ ಕೆಂಪು.

ಆ ವಾರ ನಮ್ಮವರು ಬಯಲಿಗೂ ಕೆಲಸಕ್ಕೂ ಹೋಗಬೇಕಾಗಿರಲಿಲ್ಲ. "ಗೋಲ್ ಹೊಡೆದವನು, ರೆಸ್ಟ್ ಕೊಡಿ" ಎಂದು ಮ್ಯಾನೇಜರೇ ಹೇಳಿದ್ದರು. ಹಾಗಾಗಿ ಕೋಚು ಅವರ ಕಾಲು ನೋಡಿರಲಿಲ್ಲ. ನೋಡಬೇಕಾದರೆ ನನ್ನ ಹಗ್ಗ ಒಂದೇ.

ಸೋಮವಾರ ಹಗ್ಗದ ಮೇಲೆ ಹನ್ನೆರಡು ಜೊತೆ. ಕೋಚು ಈ ತುದಿಯಿಂದ ಆ ತುದಿಗೆ ಹೋದರು, ವಾಪಸು ಬಂದರು.

"ಒಂದು ಜೊತೆ ಕಡಿಮೆ ಇದೆ ಅಮ್ಮಾ."

"ನಾಯಿ ಎತ್ಕೊಂಡೋಯ್ತು ಸಾಮಿ."

"ಹೌದಾ? ಯಾರದ್ದು?"

"ನಮ್ಮೋರ್ದೇ."

ಅವರು ಕಾಫಿ ಕುಡಿದರು. ಅವತ್ತು ಕಥೆ ಹೇಳಲಿಲ್ಲ. ಎದ್ದು ನಿಂತು, "ಆ ನಾಯಿ ಕುಂಟ್ತಾ ಇದೆಯಾ?" ಎಂದು ಕೇಳಿದರು. ನಾನು ಬಟ್ಟೆ ಕುಕ್ಕುತ್ತಲೇ ಇದ್ದೆ.

ಮತ್ತೆ ಆ ಮಾತು ಎತ್ತಿದ್ದು ಶನಿವಾರ. "ನಾಳೆ ಬೆಳಗ್ಗೆ ಬರ್ತೇನೆ. ಹಗ್ಗದ ಮೇಲೆ ಏನಿರ್ತದೋ ಅದನ್ನು ನೋಡಿ ತಂಡ ಬರೀತೇನೆ. ಆಟದ ಮಧ್ಯೆ ಆಳು ಬದಲಿಸೋ ಹಾಗಿಲ್ಲ, ಒಬ್ಬ ಬಿದ್ದರೆ ಹತ್ತೇ ಜನ. ನಿಮ್ಮನ್ನು ಏನೂ ಕೇಳೋದಿಲ್ಲ. ನಿಮ್ಮ ಮನೆ, ನಿಮ್ಮ ಗಂಡ. ನನಗೆ ಹಗ್ಗ ಸಾಕು," ಎಂದರು.

ನನಗೆ ಸಿಟ್ಟು ಬಂತು. ಗಟ್ಟಿಯಾಗಿ ಕೇಳಿದ್ದರೆ ಗಟ್ಟಿಯಾಗಿ ಸುಳ್ಳು ಹೇಳುತ್ತಿದ್ದೆ. ಹೀಗೆ ಬಿಟ್ಟುಹೋದರೆ ಏನು ಮಾಡುವುದು?

ಸಂಜೆ ನಮ್ಮವರು ಕಕ್ಕಸಿಗೆ ಹೋಗಬೇಕು ಎಂದರು. ಕೂರಲಾಗಲಿಲ್ಲ. ನಾನು ಕಂಕುಳಿಗೆ ಕೈ ಕೊಟ್ಟು ಹಿಡಿದುಕೊಂಡೆ, ಆರು ತಿಂಗಳ ಬಸುರಿ. ಹಲ್ಲು ಕಚ್ಚಿದ್ದರು, ಹಣೆಯಲ್ಲಿ ಬೆವರು. ಆಗ ನನಗೆ ಲೆಕ್ಕ ಹೊಳೆಯಿತು, ಸುಲಭದ ಲೆಕ್ಕ. ಪರ್ಮನೆಂಟ್ ಅಂದರೆ ಏನು? ಮೂವತ್ತು ವರ್ಷ ಗೂಡಿಗೆ ಹೆಂಚು ಹೊರುವುದು. ಹೆಂಚು ಹೊರಲು ಏನು ಬೇಕು? ಎರಡು ಮಂಡಿ. ಒಂದು ಕಾಲು ಒನಕೆಯ ಹಾಗೆ ನೆಟ್ಟಗೆ ನಿಂತವನನ್ನು ಯಾವ ಮ್ಯಾನೇಜರು ಇಟ್ಟುಕೊಳ್ಳುತ್ತಾನೆ? ಆ ಕಪ್ಪು ನೀರು ತರುವ ಬಿಂದಿಗೆಯಾದರೂ ಆಗುತ್ತದೆಯೇ?

ಭಾನುವಾರ ಬೆಳಗ್ಗೆ ಹದಿಮೂರು ಜೊತೆ ಹರವಿದೆ. ಹನ್ನೆರಡು ಬಿಳಿ, ಒಂದು ಕೆಂಪು.

ಕೋಚು ಬಂದರು. ಕೆಂಪು ಪಟ್ಟಿಯ ಮುಂದೆ ನಿಂತರು.

"ಯಾವ ಕಾಲು?"

"ಬಲ."

"ಮಡಚ್ತಾರಾ?"

"ಕಕ್ಕಸಿಗೆ ಕೂರಕ್ಕಾಗಕಿಲ್ಲ."

ಅವರು ಕಲ್ಲಿನ ಮೇಲೆ ಕೂತರು. ಕಾಲು ಮುಂದಕ್ಕೆ ಚಾಚಿಕೊಂಡಿತು. ಅದನ್ನೇ ನೋಡುತ್ತಾ, "ಗೂಳಿ ಹಾಯಲಿಲ್ಲ ಅಮ್ಮಾ. ಗೋವೆಯಿಂದ ಲಿಸ್ಬನ್ನಿಗೆ ಆಡಲು ಒಬ್ಬನನ್ನು ಕಳಿಸಬೇಕಿತ್ತು. ಅವನನ್ನು ಆರಿಸೋ ಆಟದ ಹಿಂದಿನ ದಿನ ನನ್ನ ಮಂಡಿ ಊದಿತ್ತು. ನನ್ನ ತಾಯಿ ಪಟ್ಟಿ ಕಟ್ಟಿದರು. ಬಹಳ ಚೆನ್ನಾಗಿ ಕಟ್ಟಿದರು, ಯಾರಿಗೂ ಗೊತ್ತಾಗಲಿಲ್ಲ. ಹಡಗು ಹತ್ತಿದೆ. ಅಲ್ಲಿ ಮೂರು ಆಟ ಆಡಿದೆ," ಎಂದರು. ಆಮೇಲೆ ಕಾಫಿ ಕೇಳಿದರು. ಕೊಟ್ಟೆ.

ನಮ್ಮವರು ಬಾಗಿಲಿಗೆ ಬಂದು ಹಗ್ಗ ನೋಡಿದರು, ನನ್ನನ್ನು ನೋಡಿದರು.

ಆಟ ಊರೊಳಗಿನ ದೊಡ್ಡ ಮೈದಾನದಲ್ಲಿ. ಕಾರ್ಖಾನೆಯ ಲಾರಿಯಲ್ಲಿ ಪಟ್ಟಿಯ ಗಂಟು ಹಿಡಿದುಕೊಂಡು ನಾನೂ ಹೋದೆ. ಆಡುವವರ ಹೆಸರು ನೋಡಿ ಮ್ಯಾನೇಜರು ಓಡಿ ಬಂದರು.

"ಏನ್ರೀ ಇದು? ನಮ್ಮ ಹುಡುಗನ ಹೆಸರೇ ಇಲ್ಲ! ತಲೆ ಕೆಟ್ಟಿದ್ಯೇನ್ರೀ ನಿಮಗೆ?"

"ತಂಡ ಬರೆಯೋದು ನಾನು, ಸಾರ್."

"ಸಂಬಳ ಬರೆಯೋದು ನಾನು!"

"ಹೌದು. ಅದನ್ನು ನಾಳೆ ಬರೆಯಿರಿ."

ನಮ್ಮವರು ಲಾರಿಯಿಂದ ಇಳಿಯಲೇ ಇಲ್ಲ. ನಮ್ಮ ಹುಡುಗರು ಚೆನ್ನಾಗಿಯೇ ಆಡಿದರು, ಒಂದು ಗೋಲಿಗೆ ಸೋತರು. ಜನ ಕೋಚಿನ ಮೇಲೆ ಮಣ್ಣಿನ ಹೆಂಟೆ ಎಸೆದರು, "ಏ ಕುಂಟಾ, ಎಷ್ಟ್ ಇಸ್ಕೊಂಡ್ಯೋ!" ಎಂದು ಕೂಗಿದರು. ಏನಾಯಿತು ಎಂದು ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಗಾಯ ಮುಚ್ಚಿಟ್ಟದ್ದಕ್ಕೆ ನಮ್ಮವರ ಹಂಗಾಮಿ ಕೆಲಸವೂ ಹೋಗುತ್ತಿತ್ತು. ಹೇಳಲಿಲ್ಲ. ಅಂಗಿ ಕೊಡವಿಕೊಂಡು ಲಾರಿ ಹತ್ತಿದರು, ಹತ್ತಲು ನಾನೇ ಕೈ ಕೊಟ್ಟೆ.

ಮನೆಗೆ ಬಂದ ಮೇಲೆ ನಮ್ಮವರು ನನಗೆ ಒಂದು ಏಟು ಹೊಡೆದರು. ನಾನು ಒಗೆಯುವ ಕುಕ್ಕುಗೋಲು ಎತ್ತಿಕೊಂಡೆ. ಎರಡನೆಯ ಏಟು ಬೀಳಲಿಲ್ಲ. ಆಮೇಲೆ ತೊಂಬತ್ತು ದಿನ ಮಾತಿಲ್ಲ. ಮಗು ಹುಟ್ಟುವ ಹೊತ್ತಿಗೆ ಮಾತು ಬಂತು, ಸೂಲಗಿತ್ತಿಯನ್ನು ಕರೆಯಬೇಕಿತ್ತಲ್ಲ.

ಸೋಮವಾರ ಕೋಚು ಎಂದಿನಂತೆ ಹಗ್ಗದ ಹತ್ತಿರ ಬಂದರು. ಕೈಯಲ್ಲಿ ಟ್ರಂಕು.

"ಆರನೆಯದು ಮುಗೀತು ಅಮ್ಮಾ."

"ನನ್ನಿಂದ್ಲೇ," ಎಂದೆ.

"ಏನಿಲ್ಲ. ನಿನ್ನೆ ಗೆದ್ದಿದ್ದರೆ ಬರೋ ವರ್ಷ ತೆಗೀತಿದ್ದರು." ಕೆಂಪು ಪಟ್ಟಿ ಇನ್ನೂ ಹಗ್ಗದ ಮೇಲೇ ಇತ್ತು, ಅರ್ಧ ಬಣ್ಣ ಬಿಟ್ಟಿತ್ತು. ಅದನ್ನು ಮುಟ್ಟಿ ನೋಡಿ, "ಇನ್ನೊಂದು ದಿನ ಬಿಸಿಲಿಗೆ ಬಿಡಿ. ಮೂರು ತಿಂಗಳು ಕಾಲು ನೆಲಕ್ಕೆ ಜೋರಾಗಿ ಊರದಂತೆ ನೋಡಿಕೊಳ್ಳಿ. ಕೇಳದಿದ್ದರೆ ಬೈಯಿರಿ, ನಿಮಗೆ ಬರ್ತದೆ," ಎಂದರು. ಸ್ಟೇಷನ್ನಿನ ಕಡೆ ಹೋದರು. ಕೆಲಸವಿಲ್ಲದವರಿಗೆ ಇಲ್ಲಿರಲು ಕಾಗದ ಸಿಗುತ್ತಿರಲಿಲ್ಲ. ನಾನು ಕಳಿಸಲು ಹೋಗಲಿಲ್ಲ. ನೀರು ಕಾದಿತ್ತು, ಬಟ್ಟೆ ನೆನೆದಿತ್ತು.

ಮರುವರ್ಷ ಒಂದು ಕಾರ್ಡು ಬಂತು, ಇಂಗ್ಲಿಷಿನಲ್ಲಿ. ಅಂಚೆಯವನು ಓದಿ ಹೇಳಿದ: "ಏಳನೆಯದು ಸಿಕ್ಕಿತು. ಮಂಡಿ ಹೇಗಿದೆ?" ನಮ್ಮವರು ಅದನ್ನು ಕಿತ್ತುಕೊಂಡು ಹರಿದರು. "ಅವನ್ಗೇನಾದ್ರೂ ಉತ್ರ ಬರೆಸ್ದೆ ಅಂದ್ರೆ ನೋಡು" ಎಂದರು. ಅಷ್ಟರಲ್ಲಿ ಅವರ ಮಂಡಿಯ ಊತ ಪೂರ್ತಿ ಇಳಿದಿತ್ತು. ಮ್ಯಾನೇಜರು ಬದಲಾದರು, ತಂಡ ಮುಚ್ಚಿತು. ಅದರ ಮುಂದಿನ ವರ್ಷ ಹೊಸಬರು ಬಂದು, ಗೂಡಿಗೆ ಹೆಂಚು ಜೋಡಿಸುವುದರಲ್ಲಿ ಕೈ ಚೆನ್ನಾಗಿದೆ ಎಂದು ನಮ್ಮವರನ್ನು ಪರ್ಮನೆಂಟ್ ಮಾಡಿದರು. ಚೆಂಡಿನ ಮಾತು ಯಾರೂ ಆಡಲಿಲ್ಲ. ಮನೆ ಬಂತು. ಗೋಣಿತಾಟು ಒಲೆಗೆ ಹಾಕಿದೆ.

ಗೋವೆ ನಮ್ಮದಾದ ಮೇಲೆ ಎರಡನೆಯ ಕಾರ್ಡು ಬಂತು. ಈ ಸಲ ನಮ್ಮವರು ಹರಿಯಲಿಲ್ಲ. ಬೀಡಿ ಸೇದುತ್ತಾ ಕೇಳಿದರು.

"ಎಷ್ಟನೇದಂತೆ?"

"ಒಂಬತ್ತು."

"ಅಲ್ಲೂ ಓಡಿಸ್ತಾರೆ ಬಿಡು," ಎಂದು ನಕ್ಕರು. ಅಷ್ಟೇ. ಉತ್ತರ ಬರೆಸು ಎಂದು ಅವರು ಹೇಳಲಿಲ್ಲ, ನಾನೂ ಬರೆಸಲಿಲ್ಲ. ಆ ಕಾರ್ಡಿನಲ್ಲೂ ಕಡೆಗೆ ಅದೇ ಪ್ರಶ್ನೆ ಇತ್ತು. ಮೂರನೆಯದರಲ್ಲೂ ಇತ್ತು. ನಾಲ್ಕನೆಯದು ಬೇರೆ ಯಾರದೋ ಕೈಬರಹ. ಕೋಚು ತೀರಿಕೊಂಡರು, ಅವರ ಪುಸ್ತಕದಲ್ಲಿ ಈ ವಿಳಾಸ ಇತ್ತು, ಅದಕ್ಕೆ ತಿಳಿಸುತ್ತಿದ್ದೇವೆ ಎಂದು ಬರೆದಿದ್ದರು. ಆಗ ಅವರದು ಎಷ್ಟನೆಯ ತಂಡ ಎಂದು ಅದರಲ್ಲಿ ಇರಲಿಲ್ಲ. ಅಂಚೆಯವನು ಓದಿ ಮುಗಿಸಿ ನಿಂತೇ ಇದ್ದ. ಹೋಗಪ್ಪ ಎಂದೆ.

ನನಗೆ ಅಕ್ಷರ ಬಂದದ್ದು ಮುದುಕಿಯಾದ ಮೇಲೆ, ಮೊಮ್ಮಗಳ ಸ್ಲೇಟಿನಲ್ಲಿ. ಒತ್ತು ಈಗಲೂ ತಪ್ಪುತ್ತದೆ, ಇದನ್ನೂ ಅವಳೇ ತಿದ್ದಿದ್ದಾಳೆ. ಎಲ್ಲ ಬಿಟ್ಟು ಕೋಚಿನ ಬಗ್ಗೆ ಯಾಕೆ ಬರೆಯುತ್ತಿದ್ದೀಯಜ್ಜಿ ಎಂದು ಕೇಳಿದಳು. ಮೂರು ಸಲ ಕೇಳಿದವರಿಗೆ ಒಂದು ಸಲವೂ ಹೇಳಲಿಲ್ಲ, ಅದಕ್ಕೆ.

ನಮ್ಮವರು ಮೂವತ್ತೊಂದು ವರ್ಷ ಹೆಂಚು ಹೊತ್ತರು. ಸಾಯುವ ಹಿಂದಿನ ದಿನವೂ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದಿ, ಕೈ ಊರದೆ ಎದ್ದರು.

ಮಂಡಿ ಚೆನ್ನಾಗಿತ್ತು ಸ್ವಾಮಿ.